ತೋಟದ ಕೆಲಸ ಬಾರದವರ ವಸಂತ

ಚೈತ್ರ ಕಾಲಿಟ್ಟಿತೆಂದರೆ ನಮ್ಮ ಊರುಗಳಲ್ಲಿ ಒಂದು ಬಗೆಯ ಜನ ಕಾಣಿಸಿಕೊಳ್ಳುತ್ತಾರೆ. ಬೆಳಗ್ಗೆ ಎದ್ದವರೇ ಹಿತ್ತಲಿಗೆ ಹೋಗಿ ಮಲ್ಲಿಗೆಯ ಮೊಗ್ಗುಗಳನ್ನು ಎಣಿಸುತ್ತಾರೆ. ಎಣಿಸಿದ್ದನ್ನು ನೆರೆಯವರಿಗೆ ಹೇಳಿ ಬರುತ್ತಾರೆ. ದಾಸವಾಳವೊಂದು ಅರಳಿದರೆ ಮನೆಮಂದಿಯನ್ನೆಲ್ಲ ಕರೆಯುತ್ತಾರೆ. ಇವರು ಗಿಡ ನೆಡುವುದಕ್ಕೆ ಹೊಸಬರು. ಕೃಷಿಯನ್ನು ಬಲ್ಲವರು ಇವರನ್ನು ಕಂಡು ನಗುವುದುಂಟು. ಕಾಲ ಬಂದಿತು, ಗಿಡ ಹೂ ಬಿಟ್ಟಿತು. ಇದರಲ್ಲಿ ಇವರು ಸಾಧಿಸಿದ್ದೇನು ಎಂಬುದು ಅವರ ಆಕ್ಷೇಪ. ಆಕ್ಷೇಪ ನಿಜವೇ. ಆದರೆ ಅದರಿಂದ ಈ ಹೊಸಬರ ಸಂತೋಷಕ್ಕೆ ಕುಂದುಂಟು ಎಂಬ ತೀರ್ಮಾನ ಮಾತ್ರ ಒಪ್ಪತಕ್ಕದ್ದಲ್ಲ.

ನಮ್ಮ ವಸಂತದ ಸ್ವಭಾವವನ್ನು ನೋಡಿದರೆ ಇದು ತಿಳಿಯುತ್ತದೆ. ಹಿಮ ಕರಗಿ ನೆಲ ಮೆದುವಾಗುವ ನಾಡುಗಳ ವಸಂತ ನಮ್ಮದಲ್ಲ. ಮಳೆ ನಿಂತು ತಿಂಗಳುಗಳಾಗಿ, ಬಾವಿಯ ನೀರು ಇಳಿದು, ನೆಲ ಬಿರಿಯುವ ಹೊತ್ತಿಗೆ ನಮ್ಮ ಚೈತ್ರ ವೈಶಾಖಗಳು ಬರುತ್ತವೆ. ಆಗಲೇ ಬೇವು ಮೈತುಂಬ ಹೂ ಬಿಡುತ್ತದೆ. ಇದಕ್ಕೆ ಕಾರಣವಿದೆ. ಬೇವಿನ ಬೀಜ ಮೊಳೆಯುವ ಶಕ್ತಿಯನ್ನು ಬಹುಕಾಲ ಉಳಿಸಿಕೊಳ್ಳುವುದಿಲ್ಲ. ಮುಂಗಾರಿನ ಹಸಿನೆಲಕ್ಕೆ ಅದು ಬೀಳಬೇಕಾದರೆ ಮರ ಬಿಸಿಲಿನಲ್ಲಿಯೇ ಹೂ ತಳೆಯಬೇಕು. ಮಲೆನಾಡಿನ ಕಾಫಿಯ ಮೊಗ್ಗು ಬೇಸಿಗೆಯ ಒಣಗಾಲದಲ್ಲಿ ನಿದ್ರಿಸುತ್ತಿದ್ದು, ಹೂಮಳೆ ಬಿದ್ದ ಎಂಟು ಹತ್ತು ದಿನಗಳಲ್ಲಿ ತೋಟವನ್ನೆಲ್ಲ ಬೆಳ್ಳಗೆ ಮಾಡುತ್ತದೆ. ಕೆಂಪು ಚೆಂಡಿನಂತೆ ಅರಳುವ ಮೇ ಫ್ಲವರ್ ವರ್ಷದ ಬಹುಪಾಲನ್ನು ಮಣ್ಣಿನೊಳಗೆ ಗೆಡ್ಡೆಯಾಗಿಯೋ ಬರಿಯ ಎಲೆಯಾಗಿಯೋ ಕಳೆದು, ಮೊದಲ ಮಳೆಯ ಹದ ನೋಡಿ ಮೇಲೇಳುತ್ತದೆ. ಇವುಗಳ ಪಂಚಾಂಗ ಇವುಗಳೊಳಗೇ ಇದೆ. ಅದನ್ನು ಬರೆದವರು ತೋಟಗಾರರಲ್ಲ.

ಹಾಗಾದರೆ ಮನುಷ್ಯನ ಕೆಲಸವೇ ಇಲ್ಲವೆ? ಇದೆ, ಆದರೆ ಅದರಲ್ಲಿ ಮಾಡುವುದಕ್ಕಿಂತ ಮಾಡದಿರುವುದೇ ಹೆಚ್ಚು. ಕಾಗದದ ಹೂವಿನ ಬಳ್ಳಿಗೆ ನೀರು ಹೆಚ್ಚಾದರೆ ಎಲೆ ಹೆಚ್ಚುತ್ತದೆ, ಹೂ ತಗ್ಗುತ್ತದೆ. ಸಾರಜನಕದ ಗೊಬ್ಬರವನ್ನು ಅತಿಯಾಗಿ ಸುರಿದರೆ ಗಿಡ ಕೊಬ್ಬಿ ಹಸುರಾಗಿ ನಿಲ್ಲುತ್ತದೆಯೇ ಹೊರತು ಮೊಗ್ಗು ಕಟ್ಟಲು ಆತುರಪಡುವುದಿಲ್ಲ. ದುಂಡುಮಲ್ಲಿಗೆ ಹೊಸ ಕುಡಿಯಲ್ಲಿ ಮಾತ್ರ ಹೂ ಬಿಡುತ್ತದೆ. ನವೆಂಬರ್ ಕೊನೆಯ ಹೊತ್ತಿಗೆ ಒಮ್ಮೆ ಸವರಿ, ಬುಡಕ್ಕೆ ಕೊಟ್ಟಿಗೆ ಗೊಬ್ಬರ ಹಾಕಿದರೆ ಬೇಸಿಗೆಯ ಸಂಜೆಗಳನ್ನು ಅದೇ ನೋಡಿಕೊಳ್ಳುತ್ತದೆ. ನಂದಿಬಟ್ಟಲು ಕಣಗಿಲೆಗಳಿಗೆ ಇಷ್ಟು ಉಪಚಾರವೂ ಬೇಡ. ಉಡುಪಿಯ ಶಂಕರಪುರದ ಕಡೆ ಚೆಂಡು, ಅಟ್ಟೆಗಳ ಲೆಕ್ಕದಲ್ಲಿ ಮಲ್ಲಿಗೆ ಮಾರುವವರ ಮಾತು ಬೇರೆ. ಆ ದಿನದ ಧಾರಣೆಯ ಮೇಲೆ ಅವರ ಸಂಸಾರ ನಿಂತಿದೆ. ಅವರಿಗೆ ವಿದ್ಯೆ ಬೇಕು, ಎಚ್ಚರ ಬೇಕು. ಮನೆಯ ಹಿತ್ತಲಿಗೆ ಆ ಭಾರವಿಲ್ಲ.

ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವುಂಟು. ಪಟ್ಟಣಗಳಲ್ಲಿ ಇಂದು ಮನೆ ಕಟ್ಟುವವರು ಗೋಡೆಯಿಂದ ಕಾಂಪೌಂಡಿನವರೆಗೆ ಒಂದಂಗುಲ ಮಣ್ಣು ಬಿಡದೆ ಸಿಮೆಂಟು ಬಳಿಯುತ್ತಾರೆ, ಇಲ್ಲವೆ ಕಲ್ಲು ಹಾಸುತ್ತಾರೆ. ನಿವೇಶನ ಕಿರಿದು, ವಾಹನ ನಿಲ್ಲಿಸಬೇಕು ಎಂಬ ಕಾರಣಗಳನ್ನು ತಳ್ಳಿಹಾಕುವಂತಿಲ್ಲ. ಆದರೆ ಸ್ಥಳವಿದ್ದವರೂ ಹೀಗೆಯೇ ಮಾಡುತ್ತಾರೆ. ಕೇಳಿದರೆ ‘ನಮಗೆ ತೋಟದ ಕೆಲಸ ಬಾರದು’ ಎನ್ನುತ್ತಾರೆ. ಅರಿವಿಲ್ಲ ಎಂಬ ಅಂಜಿಕೆಯೇ ನೆಲವನ್ನು ಮುಚ್ಚಿಸುತ್ತಿದೆ. ಬಲ್ಲವರ ನಗೆ ಈ ಅಂಜಿಕೆಯನ್ನು ಬೆಳೆಸುವುದೆಂಬುದೇ ಅದರ ಮೇಲೆ ನನ್ನ ದೂರು. ಮುಚ್ಚಿದ ನೆಲದ ಮೇಲೆ ಬಿದ್ದ ಮಳೆ ಇಂಗದೆ ಚರಂಡಿಗೆ ಹರಿಯುತ್ತದೆ. ಹಗಲೆಲ್ಲ ಕಾದ ಕಲ್ಲು ರಾತ್ರಿಯೂ ಬಿಸಿಯುಸಿರು ಬಿಡುತ್ತದೆ. ಯುಗಾದಿಯ ಬೇವಿನ ಹೂವಿಗೂ ಸಂತೆಗೆ ಹೋಗಬೇಕಾಗುತ್ತದೆ.

ಹೂವೇ ಬೇಕಾದರೆ ಬೆಂಗಳೂರಿನಂತಹ ನಗರದಲ್ಲಿ ಉದ್ಯಾನಗಳಿವೆ, ಸಾಲುಮರಗಳಿವೆಯಲ್ಲ ಎಂದು ಕೆಲವರು ಹೇಳಬಹುದು. ಇವೆ, ಅದಕ್ಕಾಗಿ ನಾವು ಹಿರಿಯರಿಗೆ ಋಣಿಗಳು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಲಾಲ್‌ಬಾಗನ್ನು ನೋಡಿಕೊಂಡು, 1956ರಲ್ಲಿ ಇದೇ ಊರಿನಲ್ಲಿ ಕಾಲವಾದ ಜರ್ಮನ್ ತಜ್ಞ ಜಿ. ಎಚ್. ಕ್ರುಂಬಿಗಲ್, ಒಂದರ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ರಸ್ತೆಯ ಮರಗಳನ್ನು ಯೋಜಿಸಿದವರೆಂದು ಹೆಸರಾದವರು. ಅಮೆರಿಕ ಖಂಡದ ಟಬೇಬುಯಾ, ಜಕರಂಡಗಳೂ ಮಡಗಾಸ್ಕರಿನ ಗುಲ್‌ಮೊಹರೂ ಇಂದು ಈ ಊರಿನ ವಸಂತಕ್ಕೆ ಒಗ್ಗಿಹೋಗಿವೆ. ಅವುಗಳ ಸೊಬಗಿಗೆ ಎಣೆಯಿಲ್ಲ. ಆದರೆ ಆ ಹೂವನ್ನು ನಾವು ನೋಡುವುದು ದಾರಿ ನಡೆಯುತ್ತ. ಹಿತ್ತಲಿನ ಹೂವಿನೊಡನೆ ನಮಗಿರುವುದು ಒಡನಾಟ. ನಿನ್ನೆ ಹಸುರಾಗಿದ್ದ ಮೊಗ್ಗು ಇಂದು ಬೆಳ್ಳಗಾದುದು ದಿನವೂ ನೋಡುವವರಿಗೆ ಮಾತ್ರ ಗೊತ್ತು. ಮಲ್ಲಿಗೆ ಬಿರಿಯುವುದು ಕತ್ತಲಾಗುವ ಹೊತ್ತಿಗೆ. ಅದರ ಬಿಳುಪೂ ಪರಿಮಳವೂ ಇರುಳಿನ ಪತಂಗಗಳಿಗಾಗಿ. ಆ ಗಳಿಗೆಯನ್ನು ಕಾಣಬೇಕಾದರೆ ಗಿಡ ಮನೆಯಲ್ಲಿರಬೇಕು, ನಾವೂ ಮನೆಯಲ್ಲಿರಬೇಕು.

ಆದ್ದರಿಂದ ಮೊಗ್ಗು ಎಣಿಸುವ ಹೊಸಬರನ್ನು ನೋಡಿ ನಗಬೇಕಾಗಿಲ್ಲ. ತಾನು ಮಾಡದಿದ್ದುದಕ್ಕಾಗಿ ಹಿಗ್ಗುವುದು ಅಹಂಕಾರವಾಗಲಾರದು. ಅದು ಕೃತಜ್ಞತೆಗೆ ಬಹಳ ಹತ್ತಿರದ ಭಾವ. ವಿದ್ಯೆ ಬೇಕಾದವರಿಗೆ ಅದು ಗಿಡದ ಬುಡದಲ್ಲಿ ಕುಳಿತೇ ನಿಧಾನವಾಗಿ ಬರುತ್ತದೆ. ಅದು ಬಂದ ಮೇಲೆ ಗಿಡ ನೆಡುತ್ತೇವೆಂದು ಕಾದರೆ ವಸಂತಗಳು ಬಂದು ಹೋಗುತ್ತವೆ. ಹೂವನ್ನು ಮೊಳದ ಲೆಕ್ಕದಲ್ಲಿ ಕೊಳ್ಳುವ ಜನ ನಾವು. ಮನೆ ಕಟ್ಟುವಾಗ ಎರಡು ಮೊಳ ನೆಲವನ್ನು ಮುಚ್ಚದೆ ಬಿಟ್ಟರೆ ಸಾಕು. ಉಳಿದುದನ್ನು ಮಣ್ಣೂ ಚೈತ್ರವೂ ಬಲ್ಲವು.