ಮಿರಗದ ಮಳೆ ಕೂಡುವ ಮುನ್ನ ಗಟಾರ ತೆರೆಯಿರಿ

ಇವರಿಗೆ: ಮಾನ್ಯ ಜಿಲ್ಲಾಧಿಕಾರಿಗಳು, ಕಲಬುರಗಿ
ಇವರಿಂದ: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಪಟ್ಟಣಗಳ ನಿವಾಸಿಗಳು
ವಿಷಯ: ಮಳೆನೀರಿನ ಗಟಾರ, ನಾಲಾಗಳ ನಿರ್ವಹಣೆ



ಬಿಸಿಲ ನಾಡಿನವರಾದ ನಾವು ಮಳೆಗೆ ಕೈಮುಗಿಯಬೇಕಾದವರು. ಆದರೆ ಒಂದು ತಾಸು ಜೋರು ಮಳೆ ಹೊಡೆದರೆ ತಗ್ಗಿನ ಓಣಿಗಳ ಹೆಣ್ಣುಮಕ್ಕಳು ರಾತ್ರಿಯಿಡೀ ಬಕೆಟ್ ಹಿಡಿದು ಮನೆಯೊಳಗಿನ ನೀರು ಹೊರಗೆ ಚೆಲ್ಲುತ್ತಾರೆ. 2020ರ ಅಕ್ಟೋಬರಿನಲ್ಲಿ ಕಾಗಿಣಾ ನದಿ ಉಕ್ಕಿ ಮಳಖೇಡಕ್ಕೆ ನುಗ್ಗಿದ್ದಕ್ಕೆ ಮುಗಿಲನ್ನು ದೂರಬಹುದು. ಓಣಿಯ ನೀರು ಓಣಿಯಲ್ಲೇ ನಿಲ್ಲುವುದಕ್ಕೆ ಮುಗಿಲು ಹೊಣೆಯಲ್ಲ. ನಮ್ಮ ಹಕ್ಕೊತ್ತಾಯಗಳು ಇವು:

1. ಕಲ್ಲಿನ ರಾಡಿ ಗಟಾರಕ್ಕೆ ಬೀಳುವುದು ನಿಲ್ಲಬೇಕು. ಫರ್ಸಿ (ಹಾಸುಗಲ್ಲು) ಕೊಯ್ದು ಪಾಲಿಶ್ ಮಾಡುವಾಗ ಯಂತ್ರಕ್ಕೆ ಬಿಡುವ ನೀರು ಸುಣ್ಣದಕಲ್ಲಿನ ಹಿಟ್ಟನ್ನು ಹೊತ್ತು ಹೊರಬರುತ್ತದೆ. ಗಟಾರದಲ್ಲಿ ಅದು ಪದರ ಪದರವಾಗಿ ಕೂತು ಒಣಗಿದ ಮೇಲೆ ಸಲಿಕೆಗೆ ಬಗ್ಗುವುದಿಲ್ಲ, ಹಾರೆ ಬೇಕು. ಎರಡಡಿ ಆಳದ ಗಟಾರ ಅರ್ಧ ಅಡಿಗೆ ಇಳಿದರೆ ಮಳೆನೀರು ಎಲ್ಲಿಗೆ ಹೋಗಬೇಕು? ಪ್ರತಿ ಪಾಲಿಶ್ ಘಟಕದಲ್ಲೂ ರಾಡಿ ತಂಗುವ ತೊಟ್ಟಿ ಇರಬೇಕು, ತಿಳಿನೀರನ್ನು ಮತ್ತೆ ಯಂತ್ರಕ್ಕೇ ಬಳಸಬೇಕು, ಮಾಲಿನ್ಯ ನಿಯಂತ್ರಣ ಮಂಡಳಿ ಬಂದು ನೋಡಬೇಕು. ಘಟಕ ಮುಚ್ಚಿಸಿ ಎಂದು ನಾವು ಕೇಳುತ್ತಿಲ್ಲ; ಅಲ್ಲಿ ದುಡಿಯುವವರು ನಮ್ಮವರೇ. ಜಾಗವಿಲ್ಲದ ಸಣ್ಣ ಘಟಕಗಳಿಗೆ ಸಾಮೂಹಿಕ ತೊಟ್ಟಿ ಕಟ್ಟಿಸಿಕೊಡಿ.

2. ತೆಗೆದ ಹೂಳನ್ನು ಗಟಾರದ ದಂಡೆಗೇ ಗುಡ್ಡೆ ಹಾಕಿ ಹೋಗುವ ರೂಢಿ ನಿಲ್ಲಲಿ. ಮುಂದಿನ ಮಳೆಗೆ ಅದೇ ಹೂಳು ಅದೇ ಗಟಾರಕ್ಕೆ ಇಳಿಯುತ್ತದೆ, ಮುಂದಿನ ವರ್ಷ ಅದಕ್ಕೇ ಮತ್ತೊಂದು ಬಿಲ್ಲು! ಎರಡು ದಿನದೊಳಗೆ ಹೂಳು ಊರಾಚೆ ಹೋಗಬೇಕು. ಉದ್ದ, ಆಳ ಅಳೆದು, ವಾರ್ಡಿನ ಐದು ಮನೆಯವರ ಸಹಿ ಪಡೆದ ನಂತರವೇ ಹಣ ಪಾವತಿಯಾಗಬೇಕು.

3. ಯಾವ ಗಟಾರ ಎಲ್ಲಿ ಹುಟ್ಟಿ ಯಾವ ಹಳ್ಳ ಸೇರುತ್ತದೆ ಎಂಬ ನಕ್ಷೆಯನ್ನು ಪ್ರತಿ ಪಟ್ಟಣದ ಕಚೇರಿಯ ಗೋಡೆಗೆ ಹಚ್ಚಿ. ಇಳಿಜಾರು ನೋಡದೆ ಕಟ್ಟಿದ ಗಟಾರಗಳು ಯಾರದೋ ಪ್ಲಾಟಿನಲ್ಲಿ ಮುಗಿದುಹೋಗಿವೆ. ನಮ್ಮ ಕಪ್ಪು ಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ; ಗಟ್ಟಿ ಪಾಯವಿಲ್ಲದ ಗಟಾರದ ಗೋಡೆ ಅದರಲ್ಲಿ ಬಹಳ ದಿನ ನಿಲ್ಲದು.

4. ವಾಡಿ, ಶಹಾಬಾದಿನಲ್ಲಿ ರೈಲು ಹಳಿಯ ಕೆಳಗಿನ ಮೋರಿಗಳನ್ನು ರೈಲ್ವೆ ಮತ್ತು ಸ್ಥಳೀಯ ಸಂಸ್ಥೆಯ ಎಂಜಿನಿಯರುಗಳು ಏಪ್ರಿಲಿನಲ್ಲೇ ಜೊತೆಯಾಗಿ ನಿಂತು ನೋಡಲಿ. ‘ಅದು ನಮ್ಮ ಹದ್ದಲ್ಲ’ ಎಂಬ ಮಾತು ನೀರಿಗೆ ತಿಳಿಯುವುದಿಲ್ಲ.

5. ದೇಶದ ಅಂಗಳಗಳಿಗೆಲ್ಲ ಹಾಸುಗಲ್ಲು ಕಳಿಸುವ ಶಹಾಬಾದಿನಲ್ಲೇ ಗಟಾರಗಳು ಬಾಯಿ ತೆರೆದಿವೆ. ಶಾಲೆ, ಸಂತೆ, ಬಸ್ ನಿಲ್ದಾಣದ ಮುಂದೆ ಮೊದಲು ಗಟಾರಗಳನ್ನು ಫರ್ಸಿಯಿಂದ ಮುಚ್ಚಿಸಿ. ತೆಗೆದು ಸ್ವಚ್ಛ ಮಾಡಲು ಬರುವಂತೆ ಫರ್ಸಿ ತುಂಡುತುಂಡಾಗಿರಲಿ.

6. ಪೌರಕಾರ್ಮಿಕರನ್ನು ಬರಿಗೈಯಲ್ಲಿ ಗಟಾರಕ್ಕೆ ಇಳಿಸಬೇಡಿ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಕಾಗದದಲ್ಲಷ್ಟೇ ಉಳಿಯದಿರಲಿ.

7. ನೀರು ತುಂಬಿದ ಹಳೆಯ ಕಲ್ಲುಗಣಿಗಳ ಸುತ್ತ ಬೇಲಿ ಹಾಕಿಸಿ. ತುಂಬಿ ಹರಿಯುವ ನೀರು ತೊಗರಿ ಹೊಲಕ್ಕೆ ನುಗ್ಗದಂತೆ ಹಳ್ಳದವರೆಗೆ ಕಾಲುವೆ ತೋಡಿಸಿ.

8. ಚಿಂಚೋಳಿ ತಾಲ್ಲೂಕಿನ ನಾಗರಾಳ ಜಲಾಶಯದ ಗೇಟು ತೆರೆಯುವ ಮೊದಲು ಮುಲ್ಲಾಮಾರಿ ನದಿ ದಂಡೆಯ ಪ್ರತಿ ಊರಿಗೂ ಡಂಗುರ, ಧ್ವನಿವರ್ಧಕ, ಮೊಬೈಲ್ ಮೂಲಕ ಸುದ್ದಿ ಮುಟ್ಟಬೇಕು. ರಾತ್ರಿಯೂ.

9. ಹಣವಿಲ್ಲ ಎನ್ನಬೇಡಿ. ಸಿಮೆಂಟಿಗಾಗಿ ನಮ್ಮ ನೆಲ ಅಗೆದದ್ದಕ್ಕೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಣ ಬರುತ್ತದೆ. ಅದರ ಆದ್ಯತೆಯ ಪಟ್ಟಿಯಲ್ಲಿ ನೈರ್ಮಲ್ಯ, ಚರಂಡಿ ಎರಡೂ ಇವೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯೂ ಇದೆ. ಈ ಐದು ಪಟ್ಟಣಗಳ ಗಟಾರಕ್ಕೆ ಎಷ್ಟು ಖರ್ಚಾಯಿತು ಎಂಬುದನ್ನು ಪ್ರತಿ ವರ್ಷ ಬಹಿರಂಗಪಡಿಸಿ.

ಜೂನ್ ಮೊದಲ ವಾರ ದಾಟಿದರೆ ಮಿರಗ (ಮೃಗಶಿರಾ ಮಳೆ). ಮೇ 15ರೊಳಗೆ ಐದೂ ಪಟ್ಟಣಗಳಲ್ಲಿ ಒಂದೊಂದು ಸಭೆ ಕರೆದು, ಮೇಲಿನ ಒಂಬತ್ತಕ್ಕೂ ಲಿಖಿತ ಉತ್ತರ ಕೊಡಬೇಕೆಂದು ಕೋರುತ್ತೇವೆ.