ನಾಲಗೆಗೆ ಕಡಿವಾಣ ಹುಡುಕುವವರು

ಮಾಸ್ಟರ್ ಹಿರಣ್ಣಯ್ಯನವರು 2019ರ ಮೇ 2ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಪಕ್ಷಭೇದವಿಲ್ಲದೆ ಎಲ್ಲರೂ ಸಂತಾಪ ಸೂಚಿಸಿದರು. ನಾಡನ್ನು ನಗಿಸಿದ ಮಹಾನುಭಾವ ಎಂಬರ್ಥದ ಮಾತು ಆ ದಿನಗಳಲ್ಲಿ ಎಷ್ಟು ಸಲ ಕಿವಿಗೆ ಬಿತ್ತೋ ಲೆಕ್ಕವಿಲ್ಲ. ನನಗೆ ಅಂದೂ ಆ ಮಾತು ಒಗ್ಗಲಿಲ್ಲ, ಇಂದೂ ಒಗ್ಗುವುದಿಲ್ಲ. ಹಿರಣ್ಣಯ್ಯನವರು ನಗಿಸಿದ್ದು ನಿಜ. ಆದರೆ ಅವರು ನಗಿಸಿದ್ದು ಯಾರನ್ನು ತೋರಿಸಿ ಎಂಬುದನ್ನು ಬಿಟ್ಟು, ಬರಿಯ ನಗುವನ್ನು ಮಾತ್ರ ಹೊಗಳುವುದೆಂದರೆ ಕತ್ತಿಯನ್ನು ಮನೆಯಲ್ಲಿಟ್ಟು ಒರೆಯನ್ನು ಮೆರವಣಿಗೆ ಮಾಡಿದಂತೆ.

ಇಂದಿನ ಹುಡುಗರಿಗಾಗಿ ಅವರ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. 1934ರ ಫೆಬ್ರವರಿ 15ರಂದು ಮೈಸೂರಿನಲ್ಲಿ ಜನನ, ಹುಟ್ಟುಹೆಸರು ನರಸಿಂಹಮೂರ್ತಿ. ತಂದೆ ಕೆ. ಹಿರಣ್ಣಯ್ಯನವರು ಸ್ವತಃ ದೊಡ್ಡ ನಟ, ನಾಟಕ ಕಂಪನಿಯ ಒಡೆಯ. 1953ರಲ್ಲಿ ತಂದೆ ತೀರಿಕೊಂಡಾಗ ಮಗನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಆ ಹುಡುಗನೇ ಮುಂದೆ ತಂದೆಯ ಹೆಸರನ್ನೂ ಕಂಪನಿಯ ಹೊರೆಯನ್ನೂ ಹೊತ್ತು 'ಲಂಚಾವತಾರ', 'ನಡುಬೀದಿ ನಾರಾಯಣ', 'ಮಕ್ಮಲ್ ಟೋಪಿ', 'ಕಪಿಮುಷ್ಟಿ', 'ಭ್ರಷ್ಟಾಚಾರ' ಮುಂತಾದ ನಾಟಕಗಳನ್ನು ಊರೂರಿಗೆ ಕೊಂಡೊಯ್ದ. 'ಲಂಚಾವತಾರ'ದ ಪ್ರಯೋಗಗಳು ಹತ್ತು ಸಾವಿರ ದಾಟಿದವೆಂದು ವಾಡಿಕೆಯ ಲೆಕ್ಕ. ಲೆಕ್ಕದ ಮೇಷ್ಟರಾದ ನಾನು ಅದರಲ್ಲಿ ಅರ್ಧವನ್ನೇ ಹಿಡಿಯುತ್ತೇನೆ ಎಂದುಕೊಳ್ಳಿ. ಆಗಲೂ ಒಂದು ರಾತ್ರಿಯೂ ಬಿಡದೆ ಹದಿಮೂರು ವರ್ಷಕ್ಕೂ ಮಿಕ್ಕಿ ಆಡಿದಂತಾಯಿತು. ನಾಟಕದ ಜೊತೆಗೆ ಸಿನಿಮಾ, ಧ್ವನಿಸುರುಳಿ, ಕಿರುತೆರೆಯ ಧಾರಾವಾಹಿ, ಎಲ್ಲವೂ ಬಂದವು. ಅವೆಲ್ಲ ಇರಲಿ, ವೇದಿಕೆಯ ಮೇಲಿನ ಆ ಮನುಷ್ಯನೇ ಬೇರೆ.

ನಾನು ಅವರನ್ನು ಮೊದಲು ಕಂಡದ್ದು ಮೈಸೂರಿನಲ್ಲಿ ಉಪಾಧ್ಯಾಯ ತರಬೇತಿಯಲ್ಲಿದ್ದಾಗ. ಪಾತ್ರದ ಮಾತು ಸಾಗುತ್ತಿದ್ದಂತೆಯೇ ಅವರು ಅದರಿಂದ ಹೊರಬಂದು ನೇರವಾಗಿ ಪ್ರೇಕ್ಷಕರ ಜೊತೆ ಮಾತಿಗಿಳಿಯುತ್ತಿದ್ದರು. ಬೆಳಗಿನ ಪತ್ರಿಕೆಯಲ್ಲಿ ಓದಿದ ಸುದ್ದಿ ರಾತ್ರಿ ಅವರ ಬಾಯಲ್ಲಿ ಮೆಣಸಿನ ಪುಡಿ ಬೆರೆಸಿಕೊಂಡು ಹೊರಬರುತ್ತಿತ್ತು. ಮುಂದಿನ ಸಾಲಿನಲ್ಲಿ ಅಧಿಕಾರಿಗಳು ಕುಳಿತಿದ್ದರೆ ಅವರಿಗೆ ಹಬ್ಬ. ಆ ಸಾಲಿನ ದೊಡ್ಡವರು ನಕ್ಕರೆ ಒಂದು ಕಷ್ಟ, ನಗದಿದ್ದರೆ ಇನ್ನೊಂದು. ನಕ್ಕರೆ ಒಪ್ಪಿಕೊಂಡಂತೆ, ಬಿಗಿದುಕೊಂಡು ಕುಳಿತರೆ ಸಿಕ್ಕಿಬಿದ್ದಂತೆ. ಹಿಂದಿನ ಸಾಲಿನವರಾದ ನಾವು ನಾಟಕವನ್ನು ಅರ್ಧ ನೋಡಿ, ಉಳಿದರ್ಧ ಅವರ ಬೆನ್ನನ್ನೇ ನೋಡುತ್ತಿದ್ದೆವು. ದಿನವಿಡೀ ಕಚೇರಿಯ ಕಟಕಟೆಯ ಮುಂದೆ ಕೈಕಟ್ಟಿ ನಿಂತ ಮನುಷ್ಯನಿಗೆ ರಾತ್ರಿ ಮೂರು ಗಂಟೆಯ ಕಾಲ ಅದೇ ಕಟಕಟೆಯ ಆಚೆಯವನ ಕಿವಿ ಕೆಂಪಾಗುವುದನ್ನು ನೋಡುವ ಭಾಗ್ಯವಿತ್ತು. ಇದನ್ನು ಕೇವಲ ಮನರಂಜನೆ ಎನ್ನುವವರು ಎಂದೂ ಕಟಕಟೆಯ ಮುಂದೆ ನಿಂತವರಲ್ಲ.

ನಮ್ಮ ಮಲೆನಾಡಿಗೆ ಅವರ ದನಿ ಹೆಚ್ಚಾಗಿ ಧ್ವನಿಸುರುಳಿಯ ಮೂಲಕವೇ ಬಂತು. ಕೊಟ್ಟಿಗೆಹಾರದಿಂದ ಕಳಸಕ್ಕೆ ಹೋಗುವ ಜೀಪುಗಳಲ್ಲಿ, ಹಿಂದೆ ಹನ್ನೆರಡು ಜನ ಜೋತುಬಿದ್ದಿರುವಾಗ, ಮುಂದೆ 'ಲಂಚಾವತಾರ' ಕಿರುಗುಟ್ಟುತ್ತಿತ್ತು. ಅದೇ ಜೀಪಿನಲ್ಲಿ ಪಹಣಿಗಾಗಿ, ಪೋಡಿಗಾಗಿ, ಬಗರ್ ಹುಕುಂ ಅರ್ಜಿಯ ಗತಿ ವಿಚಾರಿಸುವುದಕ್ಕಾಗಿ ತಾಲ್ಲೂಕು ಕೇಂದ್ರಕ್ಕೆ ಹೋಗಿಬಂದವರು ಕುಳಿತಿರುತ್ತಿದ್ದರು. ಫಾರಂ 50 ಎಂದರೇನು, 53 ಎಂದರೇನು, ಆಮೇಲೆ ಬಂದ 57 ಎಂದರೇನು ಎಂದು ಇಲ್ಲಿನ ರೈತನಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅಪ್ಪ ಹಾಕಿದ ಅರ್ಜಿಯನ್ನು ಮಗ ಹಿಂಬಾಲಿಸುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆ ಜೀಪಿನ ನಗು ನನಗೆ ಇನ್ನೂ ಕೇಳಿಸುತ್ತದೆ. ತೋಟದ ಯಜಮಾನರೂ ಲೈನ್ ಮನೆಯ ಆಳೂ ಒಂದೇ ಮಾತಿಗೆ ನಗುತ್ತಿದ್ದದ್ದು ನಾನು ಕಂಡಂತೆ ಅಲ್ಲಿ ಮಾತ್ರ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಸೀಮೆಯಲ್ಲಿ ಪ್ರತಿವರ್ಷ ರಾಜ್ಯೋತ್ಸವದ ಹೊತ್ತಿಗೆ ಒಂದು ಹಾಸ್ಯಸಂಜೆ ಏರ್ಪಡಿಸುವ ಸಮಿತಿಯೊಂದಿದೆ. ಹೆಸರು ಬೇಡ. ಹಳೆಯ ಮೇಷ್ಟರೆಂಬ ಗೌರವದಿಂದ ನನ್ನನ್ನೂ ಅದರಲ್ಲಿ ಕೂರಿಸಿದ್ದಾರೆ. ಕೆಲವು ವರ್ಷಗಳಿಂದ ಕಲಾವಿದರಿಗೆ ಬರೆಯುವ ಆಹ್ವಾನ ಪತ್ರದಲ್ಲಿ ಒಂದು ಸಾಲು ಸೇರಿಕೊಂಡಿದೆ: ರಾಜಕೀಯ, ಜಾತಿ, ಧರ್ಮ, ಸ್ಥಳೀಯ ವಿಚಾರ ಬೇಡ, ಯಾರಿಗೂ ನೋವಾಗದ ಹಾಸ್ಯವಿರಲಿ. ಕೇಳಲು ಎಷ್ಟು ಸಭ್ಯವಾಗಿದೆ! ಆದರೆ ರಾಜಕೀಯ, ಜಾತಿ, ಧರ್ಮ, ಊರು ಇಷ್ಟನ್ನೂ ತೆಗೆದರೆ ಉಳಿಯುವುದೇನು? ಹೆಂಡತಿ, ಅತ್ತೆ, ಕುಡುಕ, ದಪ್ಪಗಿರುವವನು, ಕಪ್ಪಗಿರುವವಳು. ಕಳೆದ ಕೆಲವು ವರ್ಷಗಳ ಸಂಜೆಗಳಲ್ಲಿ ಇವರನ್ನೇ ತಿರುತಿರುವಿ ಅರೆಯಲಾಯಿತು. ಸಮಿತಿಯ ಯಾರಿಗೂ ಅದರಿಂದ ನೋವಾಗಲಿಲ್ಲ.

ದೂರದರ್ಶನದ ವಾಹಿನಿಗಳು ಮಾಡುತ್ತಿರುವುದೂ ಇದನ್ನೇ. ಸೀರೆ ಉಟ್ಟ ಗಂಡಸು ಬಂದರೆ ನಗು, ಉತ್ತರ ಕರ್ನಾಟಕದ ಮಾತು ಬಂದರೆ ನಗು, ಮಂಗಳೂರಿನ ಕನ್ನಡ ಬಂದರೆ ಅದಕ್ಕೂ ನಗು. ಪ್ರೇಕ್ಷಕ ನಗದಿದ್ದರೆ ಮೊದಲೇ ತುಂಬಿಟ್ಟ ನಗುವನ್ನು ಸುರಿಯುತ್ತಾರೆ. ಅಲ್ಲಿ ಪ್ರತಿಭಾವಂತರಿಲ್ಲ ಎಂದು ನಾನು ಹೇಳುವುದಿಲ್ಲ. ಎಷ್ಟೋ ಬಡ ಹುಡುಗರಿಗೆ ಆ ವೇದಿಕೆ ಅನ್ನ ಕೊಟ್ಟಿದೆ. ನನ್ನ ತಕರಾರು ನಾಲಗೆ ಯಾವ ದಿಕ್ಕಿಗೆ ಹೊರಳುತ್ತದೆ ಎಂಬುದರ ಮೇಲೆ. ಜಾಹೀರಾತು ಕೊಡುವವನ ಮೇಲೆ, ವಾಹಿನಿಯ ಒಡೆಯನ ಮೇಲೆ, ಅಧಿಕಾರದಲ್ಲಿರುವವನ ಮೇಲೆ ಅದು ಹೊರಳುವುದಿಲ್ಲ. ಅವರಿಗೆ ನೋವಾಗಬಾರದು. ನನ್ನ ತರಗತಿಯಲ್ಲಿ ತೊದಲುವ ಹುಡುಗನೊಬ್ಬನಿದ್ದ. ಒಂದು ಹಾಸ್ಯ ಕಾರ್ಯಕ್ರಮ ಜನಪ್ರಿಯವಾದ ಮೇಲೆ ಅವನು ಉತ್ತರ ಹೇಳಲು ಏಳುವುದನ್ನೇ ಬಿಟ್ಟ. ಕೈಯೆತ್ತದೆ, ತಲೆತಗ್ಗಿಸಿ ಒಂದು ವರ್ಷ ಕಳೆದ. ನೋವಿನ ಮಾತೆತ್ತುವ ಸಭ್ಯರು ಆ ಬೆಂಚಿನವರೆಗೆ ಬಂದು ನೋಡಬೇಕಿತ್ತು.

ನೋವಿನ ವಾದ ಸೋತಾಗ ಎರಡನೆಯ ವಾದ ಹೊರಡುತ್ತದೆ: ಶಾಂತಿ ಸುವ್ಯವಸ್ಥೆ. ಇದು ಬಹಳ ಹಳೆಯ ಸರಕು. 1876ರಲ್ಲಿ ಬ್ರಿಟಿಷ್ ಸರಕಾರ ನಾಟಕ ಪ್ರದರ್ಶನಗಳ ಕಾಯಿದೆಯನ್ನು ತಂದಿತು. ಅದಕ್ಕೆ ಮುನ್ನ ಬಂಗಾಳದಲ್ಲಿ ನೀಲಿ ಬೆಳೆಸುವ ಬಿಳಿಯರ ಕ್ರೌರ್ಯವನ್ನು ತೋರಿಸಿದ 'ನೀಲದರ್ಪಣ' ಬಂದಿತ್ತು. ಚಹಾ ತೋಟದ ಸಾಹೇಬರ ಬಣ್ಣ ಬಯಲು ಮಾಡಿದ 'ಚಾಕರ ದರ್ಪಣ'ವೂ ಬಂದಿತ್ತು. ತೋಟಗಳ ನಾಡಿನವರಾದ ನಾವು ಇದನ್ನು ನೆನಪಿಡಬೇಕು: ನಾಟಕದ ಬಾಯಿ ಮುಚ್ಚಿಸುವ ಕಾಯಿದೆ ಹುಟ್ಟಿದ್ದರಲ್ಲಿ ತೋಟದ ಮಾಲಿಕರ ಕೋಪಕ್ಕೂ ಪಾಲಿದೆ. ಆ ಕಾಯಿದೆಯನ್ನು 2018ರಲ್ಲಿ ರದ್ದು ಮಾಡಲಾಯಿತು. ಸಂತೋಷ. ಆದರೆ ಕಾಯಿದೆ ಹೋದರೂ ಅದರ ಕೆಲಸ ನಿಲ್ಲಲಿಲ್ಲ. 2021ರ ನವೆಂಬರ್ 28ರಂದು ಬೆಂಗಳೂರಿನ ಗುಡ್ ಶೆಫರ್ಡ್ ಸಭಾಂಗಣದಲ್ಲಿ ನಡೆಯಬೇಕಿದ್ದ ಮುನವ್ವರ್ ಫಾರೂಕಿಯವರ ಕಾರ್ಯಕ್ರಮ ಪೊಲೀಸರ ಒಂದು ಪತ್ರದಿಂದ ನಿಂತಿತು. ಆತ ಅದೇ ವರ್ಷದ ಆರಂಭದಲ್ಲಿ ಇಂದೋರಿನಲ್ಲಿ ಬಂಧಿತರಾಗಿ ಒಂದು ತಿಂಗಳಿಗೂ ಹೆಚ್ಚು ಕಾಲ ಸೆರೆಯಲ್ಲಿದ್ದು, ಸುಪ್ರೀಂ ಕೋರ್ಟಿನ ಜಾಮೀನಿನ ಮೇಲೆ ಹೊರಬಂದವರು. ಮರುತಿಂಗಳು ಕುನಾಲ್ ಕಾಮ್ರಾ ಅವರ ಬೆಂಗಳೂರಿನ ಕಾರ್ಯಕ್ರಮಗಳು ರದ್ದಾದವು. 2022ರ ನವೆಂಬರಿನಲ್ಲಿ ವೀರ್ ದಾಸ್ ಅವರದು. 2025ರ ಮಾರ್ಚಿಯಲ್ಲಂತೂ ಮುಂಬೈಯಲ್ಲಿ ಕಾಮ್ರಾ ಅವರ ಒಂದು ವಿಡಂಬನೆಗಾಗಿ ಅದು ನಡೆದ ಸಭಾಂಗಣವನ್ನೇ ಪುಡಿಗಟ್ಟಲಾಯಿತು.

ಗಲಾಟೆ ಮಾಡುತ್ತೇವೆಂದು ಬೆದರಿಸುವವನೊಬ್ಬ, ಮಾತಾಡುವವನೊಬ್ಬ. ಪೊಲೀಸರು ತಡೆಯುವುದು ಮಾತಾಡುವವನನ್ನು. ತರಗತಿಯಲ್ಲಿ ಹುಡುಗನೊಬ್ಬ 'ಅವನು ಪದ್ಯ ಓದಿದರೆ ನಾನು ಹೊಡೆಯುತ್ತೇನೆ ಸಾರ್' ಎಂದರೆ ಪದ್ಯ ಓದುವವನನ್ನು ಹೊರಗೆ ನಿಲ್ಲಿಸುವ ಮೇಷ್ಟರನ್ನು ನೀವು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ?

ಇಲ್ಲಿ ನನ್ನ ಓರಗೆಯವರು ಒಂದು ಆಕ್ಷೇಪವೆತ್ತುತ್ತಾರೆ. ಹಿರಣ್ಣಯ್ಯನವರೇ ಬೇರೆ, ಇವರೇ ಬೇರೆ. ಅವರಲ್ಲಿ ಸಂಸ್ಕಾರವಿತ್ತು, ನಾಡಿನ ಮೇಲೆ ಪ್ರೀತಿಯಿತ್ತು, ಇವರದು ಬರಿಯ ಅಶ್ಲೀಲ ಎಂದು. ಅಶ್ಲೀಲ ನನಗೂ ಹಿಡಿಸುವುದಿಲ್ಲ. ಅದು ಹಿಡಿಸದಿದ್ದರೆ ಎದ್ದು ಹೋಗುವ ಸ್ವಾತಂತ್ರ್ಯ ನನಗಿದೆ. ಆದರೆ ಸ್ವಾಮಿ, ಹಿರಣ್ಣಯ್ಯನವರ ಮಾತು ಅಂದಿನ ಅಧಿಕಾರಸ್ಥರಿಗೆ ಸುಸಂಸ್ಕೃತವಾಗಿ ಕೇಳಿಸಿತ್ತೆಂದು ನೀವು ನಂಬಿದ್ದೀರಾ? ಅವರನ್ನು ಅಂದೂ ಬಾಯಿಹರುಕ ಎಂದವರಿದ್ದರು. ಮೂವತ್ತು ವರ್ಷ ಕಳೆದು, ಬೈಸಿಕೊಂಡವರೆಲ್ಲ ತೀರಿಕೊಂಡ ಮೇಲೆ, ಬೈಗುಳಕ್ಕೆ ಸಂಸ್ಕಾರದ ಪರಿಮಳ ಬರುತ್ತದೆ. ಅಲ್ಲದೆ ಅವರ ಎಲ್ಲ ಮಾತೂ ಚಿನ್ನವೇನಲ್ಲ. ಕಂಪನಿ ನಾಟಕದ ಪರಂಪರೆಯಿಂದ ಇಳಿದು ಬಂದ ಹೆಂಗಸರ ಮೇಲಿನ ಹಾಸ್ಯ ನನಗೆ ಅಂದೂ ಸೇರಲಿಲ್ಲ. ಅದಕ್ಕಾಗಿ ಅವರ ನಾಟಕ ನಿಲ್ಲಿಸಬೇಕಿತ್ತೆಂದು ನನಗೆ ಒಮ್ಮೆಯೂ ಅನ್ನಿಸಿಲ್ಲ.

ನಮ್ಮ ಜಿಲ್ಲೆಯದೇ ಉದಾಹರಣೆ ಬೇಕೆ? ಚಿಕ್ಕಮಗಳೂರಿಗೆ ಅಂಟಿಕೊಂಡಂತಿರುವ ಹಿರೇಮಗಳೂರಿನ ಕೋದಂಡರಾಮ ದೇವಾಲಯದ ಅರ್ಚಕ ಕಣ್ಣನ್ ಅವರನ್ನು ಅರಿಯದ ಕನ್ನಡಿಗರಿಲ್ಲ. ಗರ್ಭಗುಡಿಯಲ್ಲಿ ಕನ್ನಡದಲ್ಲೇ ಅರ್ಚನೆ ಮಾಡಿ 'ಕನ್ನಡದ ಪೂಜಾರಿ' ಎನ್ನಿಸಿಕೊಂಡವರು. ಉದಯ ವಾಹಿನಿಯ 'ಹರಟೆ'ಯ ಮೂಲಕ ಮನೆಮನೆಗೆ ಬಂದವರು. ದೇವರ ಮುಂದೆ ನಿಂತೇ ಭಕ್ತರ ಢಾಂಭಿಕತೆಯನ್ನು ಚುಚ್ಚಬಲ್ಲ ನಾಲಗೆ ಅದು. 2024ರ ಜನವರಿಯಲ್ಲಿ ಅವರಿಗೆ ಒಂದು ನೋಟಿಸು ಬಂದ ಸುದ್ದಿ ಓದಿದಿರಲ್ಲವೆ? ದೇವಾಲಯದ ಆದಾಯ ಕಡಿಮೆ, ವೇತನ ಹೆಚ್ಚಾಗಿ ಹೋಗಿದೆ, ಆದ್ದರಿಂದ 4.74 ಲಕ್ಷ ರೂಪಾಯಿ ಹಿಂದಿರುಗಿಸಿ ಎಂದು. ವೇತನವೆಂದರೆ ತಿಂಗಳಿಗೆ ಕೆಲವು ಸಾವಿರ. ನಾಡು ಗದ್ದಲವೆಬ್ಬಿಸಿತು, ಸಚಿವರು ಮಧ್ಯೆ ಬಂದರು, ವಸೂಲಿ ನಿಂತಿತು. ಇದು ಅವರ ನಾಲಗೆಗೆ ಕೊಟ್ಟ ಶಿಕ್ಷೆ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರವೂ ಇಲ್ಲ. ನಾನು ಹೇಳುವುದಿಷ್ಟೆ: ಈ ಪ್ರಕರಣ 'ಲಂಚಾವತಾರ'ದ ರಂಗಕ್ಕೆ ಹೇಳಿ ಮಾಡಿಸಿದಂತಿತ್ತು, ಮತ್ತು ಆ ವರ್ಷದ ನಮ್ಮ ಹಾಸ್ಯಸಂಜೆಯಲ್ಲಿ ಅದರ ಬಗ್ಗೆ ಒಂದು ಮಾತೂ ಬರಲಿಲ್ಲ. ಸ್ಥಳೀಯ ವಿಚಾರ ಬೇಡವೆಂದು ಬರೆದಿದ್ದೆವಲ್ಲ!

ಮೂಡಿಗೆರೆಯಲ್ಲಿದ್ದುಕೊಂಡು ತೇಜಸ್ವಿಯವರು ಕಿರಗೂರಿನ ಗಯ್ಯಾಳಿಗಳನ್ನು ಬರೆದರು. ಆ ಹೆಂಗಸರ ಕೈಯಲ್ಲಿ ಅಧಿಕಾರವಿಲ್ಲ, ಹಣವಿಲ್ಲ, ಇರುವುದು ಬಾಯಿ. ಆ ಬಾಯಿಗೆ ಊರಿನ ಗಂಡಸರು ಹೆದರುತ್ತಾರೆ. ಆ ಕಥೆಯನ್ನು ಮೆಚ್ಚಿ, ಸಿನಿಮಾವಾದಾಗ ಹೋಗಿ ನೋಡಿ, ತೇಜಸ್ವಿ ನಮ್ಮವರೆಂದು ಎದೆಯುಬ್ಬಿಸುವವರೇ ಸಮಿತಿಯಲ್ಲಿ ಕುಳಿತು ಯಾರಿಗೂ ನೋವಾಗದ ಹಾಸ್ಯ ಬೇಕೆನ್ನುತ್ತಾರೆ. ಗಯ್ಯಾಳಿ ಪುಸ್ತಕದಲ್ಲಿರಬೇಕು, ವೇದಿಕೆಗೆ ಬರಬಾರದು.

ಈ ಬಾರಿಯ ಆಹ್ವಾನ ಪತ್ರದ ಕರಡನ್ನು ಕಾಗುಣಿತ ತಿದ್ದಿಕೊಡಲೆಂದು ನನಗೆ ಕಳಿಸಿದ್ದಾರೆ. ಕಾಗುಣಿತ ತಿದ್ದಿದ್ದೇನೆ, ಆ ಸಾಲನ್ನು ಹೊಡೆದು ಹಾಕಿದ್ದೇನೆ, ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಇದೆಲ್ಲವನ್ನೂ ಸಂಗ್ರಹವಾಗಿ ಬರೆದಿದ್ದೇನೆ. ಮುಂದಿನ ಸಾಲಿನ ಕುರ್ಚಿಗಳನ್ನು ಎಂದಿನಂತೆ ಅಧಿಕಾರಿಗಳಿಗೂ ಜನಪ್ರತಿನಿಧಿಗಳಿಗೂ ಕಾದಿರಿಸಿ, ಅವರು ಕೊನೆಯವರೆಗೂ ಕುಳಿತಿರುವಂತೆ ನೋಡಿಕೊಳ್ಳಿ ಎಂದೂ ಸೇರಿಸಿದ್ದೇನೆ. ಸಭೆ ಬರುವ ಭಾನುವಾರ, ಬೆಳಿಗ್ಗೆ ಹತ್ತಕ್ಕೆ.