ಜ್ಞಾನದ ಸಾಲಕ್ಕೂ ಲೆಕ್ಕ ಬೇಕು

ಶಾಸ್ತ್ರವಿಷಯಗಳನ್ನು ಜನಸಾಮಾನ್ಯರಿಗೆ ತಿಳಿಯಹೇಳುವ ಪುಸ್ತಕದಲ್ಲಿ ಏನಿರಬೇಕು, ಏನಿರಬಾರದು ಎಂಬ ಚರ್ಚೆ ಹಳೆಯದು. ಸಿದ್ಧಾಂತದ ಸಾರವನ್ನು ಸುಲಭವಾದ ಮಾತಿನಲ್ಲಿ ಹೇಳಿಬಿಟ್ಟರೆ ಸಾಕು. ಅದನ್ನು ಯಾರು ಕಂಡರು, ಯಾರಿಂದ ಕೇಳಿ ತಿಳಿದರು, ನಡುವೆ ಎಲ್ಲಿ ಎಡವಿದರು ಎಂಬುದೆಲ್ಲ ಪಂಡಿತರ ಪಾಲಿಗಿರಲಿ, ಸಾಮಾನ್ಯ ವಾಚಕನಿಗೆ ಅದು ಹೊರೆ ಎಂದು ಅನೇಕರು ಭಾವಿಸುತ್ತಾರೆ. ಈ ಭಾವನೆ ಸರಿಯಲ್ಲವೆಂಬುದು ನನ್ನ ಮತ. ವರ್ತಕನು ತನಗೆ ಸರಕು ಯಾರಿಂದ ಬಂತೆಂಬುದನ್ನು ಖಾತೆಯಲ್ಲಿ ಬರೆದಿಡುವಂತೆ, ಜ್ಞಾನವನ್ನು ಹಂಚುವ ಲೇಖಕನೂ ಅದು ತನಗೆ ಯಾರಿಂದ, ಯಾವ ಆಧಾರದ ಮೇಲೆ ಬಂತೆಂಬುದನ್ನು ವಾಚಕನಿಗೆ ಒಪ್ಪಿಸಬೇಕು. ಇದಕ್ಕೆ ದಕ್ಷಿಣ ಆಫ್ರಿಕದ ಕೆಲವು ಪುಸ್ತಕಗಳನ್ನು ನಿದರ್ಶನವಾಗಿ ತೆಗೆದುಕೊಳ್ಳುತ್ತೇನೆ. ಆ ದೇಶವನ್ನು ನಮ್ಮವರು ಗಾಂಧೀಜಿಯವರ ಸತ್ಯಾಗ್ರಹದಿಂದ ಬಲ್ಲರು, ಕ್ರಿಕೆಟ್ಟಿನಿಂದ ಬಲ್ಲರು. ಅಲ್ಲಿಯ ಇತಿಹಾಸ, ಪ್ರಕೃತಿ, ಕಲೆ, ವಿಜ್ಞಾನಗಳ ಗ್ರಂಥಗಳನ್ನು ಬಲ್ಲವರು ನಮ್ಮಲ್ಲಿ ವಿರಳ.

ಮೊದಲು ವಿಜ್ಞಾನದ ವಿಚಾರ. 1924ರಲ್ಲಿ ಟೌಂಗ್ ಎಂಬಲ್ಲಿಯ ಸುಣ್ಣಕಲ್ಲಿನ ಗಣಿಯಿಂದ ಒಂದು ಎಳೆಯ ಜೀವಿಯ ತಲೆಬುರುಡೆ ಜೋಹಾನ್ಸ್‌ಬರ್ಗಿನ ಪ್ರಾಧ್ಯಾಪಕ ರೇಮಂಡ್ ಡಾರ್ಟ್ ಅವರ ಕೈಸೇರಿತು. ಇದು ಮಾನವನ ಪೂರ್ವಜರಿಗೆ ಸಮೀಪವಾದ ರೂಪವೆಂದು ಅವರು 1925ರಲ್ಲಿ ಸಾರಿದಾಗ ಯುರೋಪಿನ ಹಿರಿಯ ವಿದ್ವಾಂಸರು ಒಪ್ಪಲಿಲ್ಲ, ಕಾಲಾಂತರದಲ್ಲಿ ಒಪ್ಪಬೇಕಾಯಿತು. ಅದೇ ಡಾರ್ಟ್ ಅವರು ಮುಂದೆ ಮಕಪಾನ್ಸ್‌ಗಾಟ್ ಗುಹೆಯ ಸಾವಿರಾರು ಎಲುಬುಗಳನ್ನು ಪರೀಕ್ಷಿಸಿದರು. ಪ್ರಾಣಿಗಳ ಕೆಲವು ಎಲುಬುಗಳು ಹೇರಳವಾಗಿದ್ದುವು, ಕೆಲವು ಇಲ್ಲವೆಂಬಷ್ಟು ವಿರಳವಾಗಿದ್ದುವು. ನಮ್ಮ ಪೂರ್ವಜರು ಆಯುಧಕ್ಕೆಂದು ಎಲುಬು, ಹಲ್ಲು, ಕೊಂಬುಗಳನ್ನು ಆರಿಸಿ ತಂದದ್ದೇ ಇದಕ್ಕೆ ಕಾರಣ, ಅವರು ಕ್ರೂರಿಗಳಾದ ಬೇಟೆಗಾರರು ಎಂದು ಅವರು ನಿರ್ಣಯಿಸಿದರು. 1959ರಲ್ಲಿ ಬಂದ ‘ಅಡ್ವೆಂಚರ್ಸ್ ವಿತ್ ದಿ ಮಿಸ್ಸಿಂಗ್ ಲಿಂಕ್’ ಎಂಬ ಅವರ ಪುಸ್ತಕ ಈ ವಾದವನ್ನು ಜನರ ಮುಂದಿಟ್ಟಿತು. ಅಮೆರಿಕದ ನಾಟಕಕಾರ ರಾಬರ್ಟ್ ಆರ್ಡ್ರಿ 1961ರ ‘ಆಫ್ರಿಕನ್ ಜೆನೆಸಿಸ್’ ಗ್ರಂಥದಲ್ಲಿ ಇದನ್ನು ಇನ್ನಷ್ಟು ಹಬ್ಬಿಸಿದನು. ಮನುಷ್ಯನು ಹುಟ್ಟಿನಿಂದಲೇ ಕೊಲೆಗಾರ, ಆಯುಧವೇ ಅವನನ್ನು ಮನುಷ್ಯನನ್ನಾಗಿ ಮಾಡಿತು ಎಂಬ ಮಾತು ಲೋಕದ ನಾಲಗೆಯ ಮೇಲೆ ನಿಂತಿತು.

ಈ ಮಾತನ್ನು ಅಲುಗಾಡಿಸಿದವರೂ ದಕ್ಷಿಣ ಆಫ್ರಿಕದವರೇ. ಬಾಬ್ ಬ್ರೇನ್ ಅವರು ನಮೀಬ್ ಮರುಭೂಮಿಯ ಕ್ವಿಸೆಬ್ ನದಿಯ ದಂಡೆಯ ಹಳ್ಳಿಗಳಿಗೆ ಹೋಗಿ, ಜನ ತಿಂದು ಬಿಸುಟು ನಾಯಿಗಳು ಕಡಿದು ಬಿಟ್ಟ ಮೇಕೆಯ ಎಲುಬುಗಳನ್ನು ಆಯ್ದು ಎಣಿಸಿದರು. ಮುಂಗಾಲಿನ ಮೇಲೆಲುಬಿನ ಕೆಳತುದಿ ಗಟ್ಟಿಯಾದುದರಿಂದ ಉಳಿದಿತ್ತು. ಮೇಲ್ತುದಿ ಮೃದುವಾದುದರಿಂದ ನಾಯಿಯ ಹೊಟ್ಟೆ ಸೇರಿತ್ತು. ಮಕಪಾನ್ಸ್‌ಗಾಟ್ ಗುಹೆಯಲ್ಲಿದ್ದ ಏರುಪೇರೂ ಬಹುಮಟ್ಟಿಗೆ ಇಂಥದೇ! ಹಾಗಾದರೆ ಎಲುಬುಗಳನ್ನು ಆರಿಸಿದುದು ಆಯುಧ ಹುಡುಕುವ ಕೈಯಲ್ಲ, ಅಗಿಯುವ ಹಲ್ಲು. ಸ್ವಾರ್ಟ್‌ಕ್ರಾನ್ಸ್ ಗುಹೆಯಲ್ಲಿ ದೊರೆತ ಎಳೆಯ ಮಾನವಸದೃಶ ಜೀವಿಯೊಂದರ ತಲೆಯೋಡಿನಲ್ಲಿ ಎರಡು ತೂತುಗಳಿದ್ದುವು. ಅವುಗಳ ನಡುವಣ ಅಂತರ ಚಿರತೆಯ ಕೆಳದವಡೆಯ ಕೋರೆಹಲ್ಲುಗಳಿಗೆ ಸರಿಹೊಂದಿತು. ನಮ್ಮ ಪೂರ್ವಜರ ಬಂಧು ಬೇಟೆಗಾರನಲ್ಲ, ಬೇಟೆಯಾದವನು. ‘ದಿ ಹಂಟರ್ಸ್ ಆರ್ ದಿ ಹಂಟೆಡ್?’ ಎಂಬ 1981ರ ಗ್ರಂಥದಲ್ಲಿ ಬ್ರೇನ್ ಅವರು ಈ ಎಣಿಕೆಯನ್ನೆಲ್ಲ ವಾಚಕನ ಮುಂದೆ ಬಿಡಿಸಿಟ್ಟಿದ್ದಾರೆ. ಡಾರ್ಟ್ ಅವರ ತೀರ್ಮಾನವನ್ನಷ್ಟೇ ಸಾರಾಂಶವಾಗಿ ಓದಿದವನಿಗೆ ಅದನ್ನು ನಂಬುವುದು ಅಥವಾ ಬಿಡುವುದು ಎರಡೇ ದಾರಿ. ಬ್ರೇನ್ ಅವರ ಲೆಕ್ಕವನ್ನು ನೋಡಿದವನು ತಾನೇ ತೂಗಿ ನೋಡಬಲ್ಲನು. ಒಂದು ಜನಪ್ರಿಯ ಪುಸ್ತಕದ ಅವಸರದ ಮಾತು ಮನುಷ್ಯನು ತನ್ನ ಸ್ವಭಾವವನ್ನು ತಿಳಿಯುವ ರೀತಿಯನ್ನೇ ಕೆಡಿಸಬಲ್ಲುದೆಂದ ಮೇಲೆ, ಆಧಾರ ತೋರಿಸುವುದನ್ನು ಹೊರೆಯೆನ್ನಬಹುದೇ?

ಆಧಾರ ತೋರಿಸಿದರೆ ಪುಸ್ತಕ ನೀರಸವಾಗುತ್ತದೆಂಬ ಭಯವೂ ಬೇಡ. ಜೆ. ಎಲ್. ಬಿ. ಸ್ಮಿತ್ ಅವರ ‘ಓಲ್ಡ್ ಫೋರ್‌ಲೆಗ್ಸ್’ (1956) ಪತ್ತೇದಾರಿ ಕಥೆಯಂತೆ ಓದಿಸಿಕೊಳ್ಳುತ್ತದೆ. ಆರು ಕೋಟಿ ವರ್ಷಗಳಿಗೂ ಹಿಂದೆ ಅಳಿಯಿತೆಂದು ನಂಬಲಾಗಿದ್ದ ಸೀಲಕಾಂತ್ ಜಾತಿಯ ಮೀನೊಂದು 1938ರ ಡಿಸೆಂಬರಿನಲ್ಲಿ ಈಸ್ಟ್ ಲಂಡನ್ ರೇವಿನ ದೋಣಿಯೊಂದರ ಬಲೆಗೆ ಬಿದ್ದಿತು. ಅದರ ವಿಶೇಷವನ್ನು ಗುರುತಿಸಿದವರು ಅಲ್ಲಿಯ ಸಣ್ಣ ವಸ್ತುಸಂಗ್ರಹಾಲಯದ ತರುಣಿ ಮಾರ್ಜರಿ ಕೋರ್ಟ್ನಿ-ಲ್ಯಾಟಿಮರ್. ಸ್ಮಿತ್ ಅವರು ಆ ಮೀನಿನ ಕುಲಕ್ಕೆ ಆಕೆಯ ಹೆಸರನ್ನೇ ಇಟ್ಟು ‘ಲ್ಯಾಟಿಮೇರಿಯ’ ಎಂದರು. ಇನ್ನೊಂದು ಮೀನಿಗಾಗಿ 14 ವರ್ಷ ಕಾದು, ಬಹುಮಾನದ ಪ್ರಕಟನೆಗಳನ್ನು ಹಂಚಿ, 1952ರಲ್ಲಿ ಅದನ್ನು ಪಡೆದುದು ಕೊಮೊರೊ ದ್ವೀಪಗಳಲ್ಲಿ. ಅಲ್ಲಿಯ ಬೆಸ್ತರಿಗಾದರೋ ಈ ಮೀನು ಹೊಸದಲ್ಲ. ‘ಗೊಂಬೆಸ್ಸ’ ಎಂದು ಅದಕ್ಕೊಂದು ಹೆಸರೂ ಇತ್ತು. ಲೋಕಕ್ಕೆ ಅಳಿದುಹೋದದ್ದು ಬೆಸ್ತನ ಗಾಳಕ್ಕೆ ಆಗಾಗ ಸಿಕ್ಕುತ್ತಿತ್ತು. ಬಲ್ಲವರನ್ನು ಕೇಳುವುದಕ್ಕೆ ಮುಂಚೆ ‘ಯಾರೂ ಅರಿಯರು’ ಎನ್ನಬಾರದೆಂಬ ಪಾಠ ಈ ಕಥೆಯಲ್ಲಿದೆ.

ಬಲ್ಲವರನ್ನು ಕೇಳಿ, ಕೇಳಿದ್ದನ್ನು ಅವರ ಹೆಸರಿನಲ್ಲೇ ಬರೆದಿಟ್ಟ ಮಹಾಪ್ರಯತ್ನ ಇನ್ನೊಂದು. ಬುಷ್‌ಮನ್ನರೆಂದು ಹೊರಗಿನವರು ಕರೆದ ಸ್ಯಾನ್ ಜನರಲ್ಲಿ ಖಾಮ್ ಎಂಬ ಭಾಷೆಯನ್ನಾಡುತ್ತಿದ್ದ ಒಂದು ಪಂಗಡವಿತ್ತು. ಎತ್ತನ್ನು ಅಟ್ಟುವಾಗ ನಾಲಗೆಯಿಂದ ಲೊಚಗುಟ್ಟುತ್ತೇವಲ್ಲ, ಅಂಥ ಧ್ವನಿಗಳು ಆ ಭಾಷೆಯಲ್ಲಿ ವ್ಯಂಜನಗಳು. ನೆಲ ಕಳೆದುಕೊಂಡು, ಕುರಿ ಕದ್ದ ಅಪರಾಧ ಮೊದಲಾದುವಕ್ಕೆ ಶಿಕ್ಷೆ ಹೊಂದಿ ಕೇಪ್‌ಟೌನಿನ ಸೆರೆಮನೆಯಲ್ಲಿದ್ದ ಕೆಲವರನ್ನು ಜರ್ಮನ್ ಭಾಷಾಶಾಸ್ತ್ರಜ್ಞ ವಿಲ್‌ಹೆಲ್ಮ್ ಬ್ಲೀಕ್ ಅವರು 1870ರಿಂದ ತಮ್ಮ ಮನೆಯಲ್ಲಿರಿಸಿಕೊಂಡು ಅವರ ಭಾಷೆಯನ್ನು ಕಲಿಯತೊಡಗಿದರು. ಜತೆಗೂಡಿದವರು ಅವರ ನಾದಿನಿ ಲೂಸಿ ಲಾಯ್ಡ್. ಕೈದಿಗಳು ಗುರುಗಳಾದರು, ವಿದ್ವಾಂಸರು ಶಿಷ್ಯರಾದರು. ಕಾಬ್ಬೊ ಎಂಬ ವೃದ್ಧನು ಮನೆಗೆ ಮರಳುವ ಹಂಬಲವನ್ನು ಅದುಮಿಟ್ಟು ತಿಂಗಳುಗಟ್ಟಲೆ ಕಥೆ ಹೇಳಿದನು. ತನ್ನ ಜನರ ಕಥೆಗಳು ಪುಸ್ತಕದ ಮೂಲಕ ಲೋಕಕ್ಕೆ ತಿಳಿಯುವುವೆಂಬುದು ಅವನಿಗೆ ಸಂತೋಷ ತಂದಿತ್ತೆಂದು ಲಾಯ್ಡ್ ಅವರು ದಾಖಲಿಸಿದ್ದಾರೆ. 1875ರಲ್ಲಿ ಬ್ಲೀಕ್ ತೀರಿಕೊಂಡರು. ಲಾಯ್ಡ್ ಅವರು ಬಿಡದೆ ದುಡಿದರು. ಸುಮಾರು 12,000 ಪುಟಗಳ ಟಿಪ್ಪಣಿಯಿಂದ ಆಯ್ದ ಭಾಗ ‘ಸ್ಪೆಸಿಮೆನ್ಸ್ ಆಫ್ ಬುಷ್‌ಮನ್ ಫೋಕ್‌ಲೋರ್’ ಎಂದು 1911ರಲ್ಲಿ ಅಚ್ಚಾಯಿತು: ಒಂದು ಪುಟದಲ್ಲಿ ಖಾಮ್ ಮಾತು, ಎದುರು ಪುಟದಲ್ಲಿ ಇಂಗ್ಲಿಷ್, ಹೇಳಿದವರ ಹೆಸರೂ ಸಹಿತ. ಇಂದು ಖಾಮ್ ಭಾಷೆಯನ್ನಾಡುವವರು ಒಬ್ಬರೂ ಇಲ್ಲ. ದಕ್ಷಿಣ ಆಫ್ರಿಕವು 2000ದಲ್ಲಿ ತನ್ನ ರಾಷ್ಟ್ರಲಾಂಛನದ ಧ್ಯೇಯವಾಕ್ಯವನ್ನು ಇದೇ ಭಾಷೆಯಲ್ಲಿ ರಚಿಸಿಕೊಳ್ಳಲು ಸಾಧ್ಯವಾದುದು ಈ ಟಿಪ್ಪಣಿಗಳಿಂದ.

ಕಲೆಯ ಇತಿಹಾಸಕ್ಕೂ ಈ ಲೆಕ್ಕ ಒದಗಿಬಂದಿತು. ಡ್ರೇಕನ್ಸ್‌ಬರ್ಗ್ ಪರ್ವತದ ಕಲ್ಲಾಸರೆಗಳಲ್ಲಿ ಸ್ಯಾನ್ ಜನರು ಬರೆದ ಸಾವಿರಾರು ಚಿತ್ರಗಳಿವೆ. ಈಲಂಡ್ ಎಂಬ ದೊಡ್ಡ ಜಿಂಕೆ ಅವುಗಳಲ್ಲಿ ಪ್ರಧಾನ. ಬಹುಕಾಲ ಅವನ್ನು ಬೇಟೆಯ ಮೋಜಿನ ಚಿತ್ರಗಳೆಂದೇ ಎಣಿಸಲಾಗಿತ್ತು. ಡೇವಿಡ್ ಲೂಯಿಸ್-ವಿಲಿಯಮ್ಸ್ ಅವರು ಕಾಬ್ಬೊ ಮತ್ತು ಅವನ ಸಂಗಡಿಗರ ಮಾತುಗಳ ಬೆಳಕಿನಲ್ಲಿ ಚಿತ್ರಗಳನ್ನು ಓದಿ, 1981ರ ‘ಬಿಲೀವಿಂಗ್ ಅಂಡ್ ಸೀಯಿಂಗ್’ ಮೊದಲಾದ ಗ್ರಂಥಗಳಲ್ಲಿ ಬೇರೊಂದು ಅರ್ಥವನ್ನು ಮುಂದಿಟ್ಟರು. ಸಾಯುತ್ತಿರುವ ಈಲಂಡಿನ ಹಿಂಗಾಲುಗಳು ಅಡ್ಡಬಿದ್ದಿವೆ; ಅದರ ಬಾಲ ಹಿಡಿದ ಮನುಷ್ಯನ ಕಾಲುಗಳೂ ಹಾಗೆಯೇ. ರೋಗ ಕಳೆಯಲು ಕುಣಿದು ಮೈಮರೆತ ವೈದ್ಯನ ಅನುಭವವೇ ಇಲ್ಲಿ ಚಿತ್ರವಾಗಿದೆಯೆಂಬುದು ಅವರ ವಾದ. ಇದನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಆದರೆ ಚರ್ಚೆ ಸಾಧ್ಯವಾದುದೇ ನೂರು ವರ್ಷ ಹಿಂದೆ ಮಾತನ್ನೂ ಹೇಳಿದವನನ್ನೂ ಬಿಡದೆ ಬರೆದಿಟ್ಟಿದ್ದರಿಂದ. ಅದೇ ಕೇಪ್‌ಟೌನಿನ ವಸ್ತುಸಂಗ್ರಹಾಲಯದಲ್ಲಿ ಇವರ ಕುಲದವರ ಮೈಯಿಂದ ತೆಗೆದ ಅಚ್ಚಿನ ಬೊಂಬೆಗಳ ಪ್ರದರ್ಶನವೊಂದಿತ್ತು. 2001ರಲ್ಲಿ ಅದನ್ನು ಮುಚ್ಚಲಾಯಿತು. ಬೊಂಬೆಗಳು ನೋಡುಗನಿಗೆ ಮೈಕಟ್ಟನ್ನು ತೋರಿಸಿದುವೇ ಹೊರತು ಆ ಜನರ ಮನಸ್ಸನ್ನು ತೋರಿಸಲಾರದೆ ಹೋದುವು.

ಇತಿಹಾಸದಲ್ಲಿ ಈ ಲೆಕ್ಕ ನ್ಯಾಯದ ಪ್ರಶ್ನೆಯೇ ಆಗುತ್ತದೆ. 1913ರ ಭೂಶಾಸನವು ಕರಿಯ ಜನರಿಗೆ ದೇಶದ ನೆಲದಲ್ಲಿ ನೂರಕ್ಕೆ ಸುಮಾರು 7 ಭಾಗವನ್ನು ಬಿಟ್ಟು, ಮಿಕ್ಕೆಡೆ ನೆಲ ಕೊಳ್ಳುವುದನ್ನು ನಿಷೇಧಿಸಿತು. ಪತ್ರಿಕಾ ಸಂಪಾದಕ ಸಾಲೊಮನ್ ಪ್ಲಾಟ್ಜೆ ಅವರು ರೈಲಿನಲ್ಲಿಯೂ ಸೈಕಲ್ಲಿನಲ್ಲಿಯೂ ಸುತ್ತಿ, ಒಕ್ಕಲೆಬ್ಬಿಸಲ್ಪಟ್ಟ ಕುಟುಂಬಗಳನ್ನು ದಾರಿಯಲ್ಲೇ ಕಂಡು ಮಾತನಾಡಿಸಿದರು. ಸತ್ತ ಕೂಸನ್ನು ಹೂಳಲು ಅಂಗೈಯಗಲ ನೆಲವಿಲ್ಲದೆ ರಾತ್ರಿ ಕದ್ದು ಹೂಳಿದ ತಂದೆತಾಯಿಗಳ ಸಂಗತಿ 1916ರ ಅವರ ‘ನೇಟಿವ್ ಲೈಫ್ ಇನ್ ಸೌತ್ ಆಫ್ರಿಕ’ದಲ್ಲಿದೆ. ಶಾಸನದ ಅಕ್ಷರ ಸರಕಾರದ ಕಡತದಲ್ಲಿ ಹೇಗೂ ಉಳಿಯುತ್ತಿತ್ತು. ಅದರ ಫಲವನ್ನು ಉಂಡವರ ಮಾತು ಉಳಿದುದು ಪ್ಲಾಟ್ಜೆ ಅವರ ಪುಸ್ತಕದಿಂದ.

ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಯೂಜೀನ್ ಮಾರೇ ಅವರ ಪ್ರಸಂಗ ಸಾಕ್ಷಿ. ಗೆದ್ದಲುಗಳನ್ನು ವರ್ಷಗಟ್ಟಲೆ ನೋಡಿ, ಹುತ್ತವೆಂಬುದು ಬಿಡಿ ಹುಳುಗಳ ಗುಂಪಲ್ಲ, ಇಡಿಯಾಗಿ ಒಂದೇ ಜೀವಿಯಂತೆ ಎಂದು ಅವರು 1920ರ ದಶಕದಲ್ಲಿ ಪತ್ರಿಕೆಗಳಲ್ಲಿ ಬರೆದರು. ಬರೆದುದು ಆಫ್ರಿಕಾನ್ಸ್ ಎಂಬ ಸಣ್ಣ ಭಾಷೆಯಲ್ಲಿ. 1926ರಲ್ಲಿ ನೊಬೆಲ್ ಪುರಸ್ಕೃತ ಮಾರಿಸ್ ಮೇಟರ್‌ಲಿಂಕ್ ಅವರು ಫ್ರೆಂಚಿನಲ್ಲಿ ಗೆದ್ದಲುಗಳ ಮೇಲೊಂದು ಪುಸ್ತಕ ಹೊರತಂದಾಗ ಮಾರೇ ಅವರು ಇದು ತಮ್ಮದರ ಅಪಹರಣವೆಂದು ದೂರಿದರು. ದೂರು ನ್ಯಾಯಾಲಯದಲ್ಲಿ ಇತ್ಯರ್ಥವಾಗಲಿಲ್ಲ. ವಿದ್ವಾಂಸರಲ್ಲಿ ಮತಭೇದವೂ ಇದೆ. ಮಾರೇ ಅವರ ಪುಸ್ತಕ 1934ರಲ್ಲಿ ಹೊರಬಂದರೂ, ಅದರ ಇಂಗ್ಲಿಷ್ ಅನುವಾದ ‘ದಿ ಸೋಲ್ ಆಫ್ ದಿ ವೈಟ್ ಆಂಟ್’ ಬೆಳಕು ಕಂಡ 1937ರ ಹೊತ್ತಿಗೆ ಅವರು ಬದುಕಿರಲಿಲ್ಲ. ಸಣ್ಣ ಭಾಷೆಯಲ್ಲಿ ಬರೆದುದೇ ತಪ್ಪೆಂದು ಕೆಲವರು ಇದರಿಂದ ಪಾಠ ಕಲಿಯಬಹುದು. ನಾನು ಹಾಗೆ ಎಣಿಸುವುದಿಲ್ಲ. ತನ್ನ ಜನರ ಭಾಷೆಯಲ್ಲಿ, ತನ್ನ ನೆಲದ ಹುತ್ತವನ್ನು ತಾನೇ ಕಂಡು ಬರೆದವನು ಮಾಡಿದುದು ಸರಿಯಾದ ಕೆಲಸವೇ. ಅವನ ಸಾಲವನ್ನು ಲೋಕವು ಹೊತ್ತಿಗೆ ಸರಿಯಾಗಿ ಒಪ್ಪಿಕೊಳ್ಳದೆ ಹೋದುದು ಲೋಕದ ದೋಷ.

ಇದು ಕನ್ನಡಿಗರಿಗೂ ಸಲ್ಲುವ ಮಾತು. ನಮ್ಮ ವಿಜ್ಞಾನ ಪುಸ್ತಕಗಳಲ್ಲಿ ಹಲವು, ಹೊರಗಿನ ಗ್ರಂಥಗಳ ತೀರ್ಮಾನಗಳನ್ನು ಸಂಗ್ರಹಿಸಿ ಕೊಡುವುದರಲ್ಲೇ ತೃಪ್ತವಾಗುತ್ತವೆ. ಆ ತೀರ್ಮಾನ ಯಾವ ಆಧಾರದ್ದು, ಮುಂದೆ ತಿದ್ದುಪಡಿಯಾಯಿತೇ ಎಂಬುದನ್ನು ಹೇಳುವುದಿಲ್ಲ. ಕರಾವಳಿಯ ಮೊಗವೀರರು ಬಲ್ಲ ಮೀನಿನ ವಿಚಾರವೂ ಹಿರೇಬೆಣಕಲ್ಲಿನ ಬಂಡೆಚಿತ್ರಗಳ ವಿಚಾರವೂ ನಮ್ಮ ಭಾಷೆಯಲ್ಲೇ ಮೊದಲು ಬರೆಯಲ್ಪಡಬೇಕಾದುವು. ಬರೆಯುವಾಗ ಹೇಳಿದವರ ಹೆಸರು, ಕಂಡ ಸ್ಥಳ, ಎಣಿಸಿದ ಲೆಕ್ಕ, ಉಳಿದ ಸಂಶಯ ಇವಿಷ್ಟೂ ಪುಟದ ಮೇಲೆ ಬರಲಿ. ನಾಲ್ಕು ಪುಟ ಹೆಚ್ಚಾದರೆ ಆಗಲಿ. ಲೇಖಕರು ಇದನ್ನು ಕೊಡುವಂತಾಗಬೇಕಾದರೆ ವಾಚಕರೂ ಇದನ್ನು ಕೇಳುವಂತಾಗಬೇಕು.